ಮೂರನೆಯ ಬಾಟಲಿ ಕೊಂದವರು

"ಅರವತ್ತೆರಡು," ಎಂದರು ಮೆಶೀನ್ ಮೇಷ್ಟ್ರು.

ಯಂತ್ರದ ಪುಟ್ಟ ಪರದೆ ಅರ್ಧ ನನ್ನ ಕಡೆಗೂ ತಿರುಗಿತ್ತು. ಅದರಲ್ಲಿ ನೂರಾ ಮೂರು ಎಂದಿತ್ತು.

ನಾನು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿ ಮತ್ತೆ ಹಾಕಿಕೊಂಡೆ. ಆಗಲೂ ನೂರಾ ಮೂರೇ.

"ಇನ್ನೊಂದ್ಸಲ ಹೇಳಿ ಮೇಷ್ಟ್ರೇ."

"ಅರವತ್ತೆರಡು. ಲೆಕ್ಕ ಸರಿಹೋಯ್ತಲ್ಲ." ಅವರು ಮೂರನೆಯ ಬಾಟಲಿಯ ನೀರಿದ್ದ ಗಾಜಿನ ಕೊಳವೆಯನ್ನು ಸರಕ್ಕನೆ ಹೊರತೆಗೆದು ಮುಷ್ಟಿಯೊಳಗೆ ಮುಚ್ಚಿಕೊಂಡರು. ಪರದೆ ಸೊನ್ನೆಗೆ ಇಳಿಯಿತು.

ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿ ಕೈಬರಹ ನೋಡಿ ನೋಡಿ ಕಣ್ಣು ಸವೆಸಿದವಳು ನಾನು. ಒಂದನ್ನು ಏಳು ಮಾಡಿದವರನ್ನೂ ಮೂರನ್ನು ಎಂಟು ಮಾಡಿದವರನ್ನೂ ಹಿಡಿದುಕೊಟ್ಟಿದ್ದೇನೆ. ಅಕ್ಷರಕ್ಕ ಎಂದು ನನಗೆ ಹೆಸರಿಟ್ಟವರು ಇಲಾಖೆಯವರೇ. ನಿವೃತ್ತಿಯ ದಿನ ಹಾರ ಹಾಕಿ ಮರೆತವರೂ ಅವರೇ. ಅಂಥವಳ ಮೂಗಿನ ಕೆಳಗೆ ಅಂಕಿಯ ಸುಳ್ಳು ಹೇಳುವುದೆಂದರೆ! ಸಿಟ್ಟು ನೆತ್ತಿಗೇರಿತು. ಆದರೆ ಎದುರಿಗಿದ್ದ ಮನುಷ್ಯ ಆ ಕೊಳವೆಯನ್ನು ಎದೆಗೆ ಒತ್ತಿ ಹಿಡಿದಿದ್ದರು, ಅದನ್ನು ನೋಡಿ ನಾಲಿಗೆ ಕಚ್ಚಿಕೊಂಡೆ.

ಈ ಲ್ಯಾಬಿನಲ್ಲಿ ನೀರಿನ ಸಂಶೋಧನೆ ಮಾಡುತ್ತಿದ್ದ ನೀರು ಮೇಡಂ ಅಳಿವೆಯಲ್ಲಿ ಹೆಣವಾಗಿ ತೇಲಿ ಬಂದು ಇವತ್ತಿಗೆ ಒಂಬತ್ತು ದಿನ. ಅವರನ್ನು ಕರೆದೊಯ್ದಿದ್ದ ದೋಣಿಯಣ್ಣ ಲಾಕಪ್ಪಿನಲ್ಲಿದ್ದಾನೆ. ನಾಳೆ ಹನ್ನೊಂದಕ್ಕೆ ಅವನ ಮೇಲೆ ಕೊಲೆಯ ಆರೋಪಪಟ್ಟಿ.

ಅವನ ಕುತ್ತಿಗೆಗೆ ಬಿದ್ದಿದ್ದು ಒಂದೇ ಒಂದು ಪದ. ದೋಣಿಯ ನೋಟುಬುಕ್ಕಿನಲ್ಲಿ, ಅವನದೇ ಕೈಬರಹದಲ್ಲಿ, ಆ ದಿನದ ಕೊನೆಯ ಸಾಲು: "ಕೊಂದೆ. ೪.೧೦."

ಇನ್ಸ್‌ಪೆಕ್ಟರ್ ಅದನ್ನು ಓದಿ ಕುಣಿದಾಡಿದ್ದ. ಒಂದು ಕಾಲದಲ್ಲಿ ನನ್ನ ಮೇಜಿನ ಪಕ್ಕ ಕೂತು ಕೆಲಸ ಕಲಿತವನೇ ಅವನು. "ಅಕ್ಕ, ಕಳ್ಳ ತಾನೇ ರಶೀದಿ ಬರೆದುಕೊಟ್ಟಿದ್ದಾನೆ!" ಎಂದು ಫೋನಿನಲ್ಲಿ ಕೂಗಿದ್ದ.

ಈ ಲ್ಯಾಬಿಗೆ ಬಂದು ಒಂದು ಗಂಟೆ ಕೂತಿದ್ದರೆ ಅವನಿಗೂ ತಿಳಿಯುತ್ತಿತ್ತು. ಇಲ್ಲಿ ದಿನ ಬೆಳಗಾದರೆ ಅದೇ ಮಾತು. "ಕೊಂದ್ಯಾ?" "ಕೊಂದೆ." "ಎಷ್ಟೊತ್ತಿಗೆ ಕೊಂದೆ?" ಕಾಫಿ ಆಯ್ತಾ ಅಂತ ಕೇಳಿದ ಹಾಗೆ ಕೇಳುತ್ತಾರೆ. ಬಾಟಲಿಯ ನೀರಿಗೆ ಎರಡು ಹನಿ ವಿಷ ಬಿಟ್ಟು ಒಳಗಿನ ಜೀವಿಗಳ ಕೆಲಸ ನಿಲ್ಲಿಸುವುದಕ್ಕೆ ಇವರು ಇಟ್ಟ ಹೆಸರು ಅದು. ನಾನು ಅದನ್ನು ಇನ್ಸ್‌ಪೆಕ್ಟರನಿಗೆ ಬಿಡಿಸಿ ಹೇಳಿದ್ದೆ. ಅವನು ಒಂದು ಕ್ಷಣ ಪೆಚ್ಚಾಗಿ, "ಆಗಲಿ ಅಕ್ಕ. ಆದ್ರೂ ನಾಲ್ಕು ಹತ್ತಕ್ಕೆ ನೀರಿನ ಮಧ್ಯೆ ಮೇಡಂ ಜೊತೆ ಇದ್ದೋನು ಅವನೊಬ್ಬನೇ ತಾನೇ? ಆಚೆ ದಡದಲ್ಲಿ ಇಳಿಸಿ ಬಂದೆ ಅಂತಾನೆ, ನೋಡಿದೋರು ಒಬ್ಬರೂ ಇಲ್ಲ," ಎಂದಿದ್ದ.

ಅದಕ್ಕೇ ನಾನು ಮೂರು ಬಾಟಲಿಗಳ ಹಿಂದೆ ಬಿದ್ದಿದ್ದೆ. ಬೆಳಿಗ್ಗೆ ಮೇಷ್ಟ್ರೇ ನನಗೆ ಪಾಠ ಮಾಡಿದ್ದರು.

"ನದಿ ಸಮುದ್ರ ಸೇರೋ ಕಡೆ ಮೇಲ್ನೀರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರ್ತವಮ್ಮ. ಅವಕ್ಕೆ ಬಾಯಿಲ್ಲ, ಹಲ್ಲಿಲ್ಲ. ಕಿಣ್ವ ಅಂತ ಒಂದು ಕತ್ತರಿ ಹೊರಗೆ ಬಿಟ್ಟು, ಸಿಕ್ಕಿದ್ದನ್ನ ಚೂರು ಮಾಡಿ ಒಳಗೆ ಎಳ್ಕೊಳ್ತವೆ. ನಾವು ಅವಕ್ಕೆ ಒಂದು ಸುಳ್ಳು ಊಟ ಹಾಕ್ತೀವಿ. ಅದನ್ನ ಕತ್ತರಿಸಿದಷ್ಟೂ ನೀರು ನೀಲಿಯಾಗಿ ಹೊಳೆಯುತ್ತೆ. ಆ ಹೊಳಪನ್ನ ಈ ಮೆಶೀನು ಅಳೆಯುತ್ತೆ."

"ವಿಷ ಹಾಕಿದ್ಮೇಲೆ?"

"ಕತ್ತರಿ ನಿಂತುಹೋಯ್ತು. ಹೊಳಪು ಅಲ್ಲಿಗೇ ನಿಲ್ತು. ತಂಪಲ್ಲಿ, ಕತ್ತಲಲ್ಲಿ ಇಟ್ರೆ ತಿಂಗಳಾದ್ರೂ ಅಷ್ಟೇ ಇರುತ್ತೆ."

ಆ ದಿನ ಮೇಡಂ ಮೂರು ಬಾಟಲಿಗೂ ಸುಳ್ಳು ಊಟ ಹಾಕಿದ್ದು ಎರಡು ಹತ್ತಕ್ಕೆ. ಮೊದಲನೆಯದನ್ನು ಆ ಕ್ಷಣವೇ ಕೊಂದರು. ಎರಡನೆಯದನ್ನು ಮೂರು ಹತ್ತಕ್ಕೆ, ಅದೂ ಅವರ ಕೈಬರಹವೇ. ಆಮೇಲೆ ದೋಣಿಯಿಂದ ಇಳಿದು ಹೋದರು. ಮೂರನೆಯದನ್ನು ನಾಲ್ಕು ಹತ್ತಕ್ಕೆ ಕೊಲ್ಲು ಎಂದು ದೋಣಿಯಣ್ಣನಿಗೆ ಒಪ್ಪಿಸಿದ್ದರು.

ಮೊದಲನೆಯ ಬಾಟಲಿ ಈಗ ಸೊನ್ನೆ ತೋರಿಸಿತ್ತು. ಎರಡನೆಯದು ಮೂವತ್ತೊಂದು. ಅಂದರೆ ಗಂಟೆಗೆ ಮೂವತ್ತೊಂದು. ಎರಡು ಗಂಟೆಗೆ ಅರವತ್ತೆರಡಾಗಬೇಕು. ಮೇಷ್ಟ್ರು ಪರದೆ ನೋಡಿ ಓದಿರಲಿಲ್ಲ, ಮನಸ್ಸಿನಲ್ಲಿ ಗುಣಿಸಿ ಹೇಳಿದ್ದರು.

"ಮೇಷ್ಟ್ರೇ," ಎಂದೆ, "ನೂರಾ ಮೂರನ್ನ ಮೂವತ್ತೊಂದರಿಂದ ಭಾಗಿಸಿದ್ರೆ ಎಷ್ಟು?"

ಅವರು ಮೇಜಿನ ಮೇಲಿನ ಹಾಳೆಗಳನ್ನು ಒಂದು ಕೈಯಲ್ಲಿ ಜೋಡಿಸತೊಡಗಿದರು.

"ನಾನು ಗಣಿತದಲ್ಲಿ ದಡ್ಡಿ. ಆದ್ರೂ ಬಸ್ಸಿಗೆ ಹೊತ್ತಾಗೋ ಲೆಕ್ಕ ಬರುತ್ತೆ. ಮೂರು ಗಂಟೆ ಇಪ್ಪತ್ತು ನಿಮಿಷ. ಎರಡು ಹತ್ತಕ್ಕೆ ಅದನ್ನ ಕೂಡಿಸಿ. ಐದೂವರೆ. ಈ ಬಾಟಲಿ ಸತ್ತಿದ್ದು ಐದೂವರೆಗೆ. ಐದೂವರೆಗೆ ಅದು ಎಲ್ಲಿತ್ತು?"

"ದೋಣಿಯಣ್ಣ ಬರೆದಿದ್ದಾನಲ್ಲ, ನಾಲ್ಕು ಹತ್ತು ಅಂತ."

"ಅವನು ಬರೆದಿದ್ದು ಬೆಳಿಗ್ಗೆ!"

ಚೀಲದಿಂದ ನೋಟುಬುಕ್ಕಿನ ನಕಲುಗಳನ್ನು ತೆಗೆದು ಅವರ ಮುಂದೆ ಹರಡಿದೆ. ಆರು ತಿಂಗಳ "ಕೊಂದೆ"ಗಳು. ಒಂದೊಂದೂ ಒಂದೊಂದು ಅವಸ್ಥೆ. ಒದ್ದೆ ಬೆರಳು ತಾಗಿ ಶಾಯಿ ಹರಡಿದವು, ದೋಣಿ ಓಲಾಡಿ ಸೊನ್ನೆ ಸುತ್ತು ತಪ್ಪಿದವು, 'ಕೊಂ' ಒಂದು ಸಾಲಿನಲ್ಲೂ 'ದೆ' ಇನ್ನೊಂದರಲ್ಲೂ ಬಿದ್ದವು. ಆದರೆ ಆ ದಿನದ್ದು ಮಾತ್ರ ಕಾಪಿ ಪುಸ್ತಕದಲ್ಲಿ ಬರೆದಂತೆ ದುಂಡಗೆ, ಒಣಗಿದ ಕೈಯಲ್ಲಿ, ಅಲ್ಲಾಡದ ಮೇಜಿನ ಮೇಲೆ ಬರೆದದ್ದು. ಹಿಂದಿನ ವಾರದ ಎರಡು ದಿನಗಳದ್ದೂ ಹಾಗೇ ಇತ್ತು.

"ಮೇಡಂ ಬೈದಿದ್ರಂತೆ, ಪುಟ ಗಲೀಜು ಮಾಡ್ತೀಯ ಅಂತ. ಆಮೇಲಿಂದ ಈ ಮಹಾರಾಯ, ಟೈಮು ದಿನಾ ಅದೇ ತಾನೇ ಅಂತ, ಹೊರಡೋ ಮುಂಚೆನೇ ಚೆಂದಾಗಿ ಬರೆದಿಡೋಕೆ ಶುರು ಮಾಡಿದ. ಬರೆದಾಯ್ತಲ್ಲ ಅಂತ ಆವತ್ತು ವಿಷ ಹಾಕೋದನ್ನೇ ಮರೆತ. ಬಾಟಲಿ ಜೀವಂತವಾಗೇ ಐದು ಐದಕ್ಕೆ ಲ್ಯಾಬಿಗೆ ಬಂತು. ಗೇಟಿನ ಪುಸ್ತಕದಲ್ಲಿದೆ. ಇಲ್ಲಿ ಆಗ ಇದ್ದಿದ್ದು ಇಬ್ರೇ. ಅವನು ಮೂಲೇಲಿ ಬಾಟಲಿ ತೊಳೀತಿದ್ದ. ಇನ್ನೊಬ್ರು ನೀವು."

"ಯಾರೋ ಕೊಂದಿರಬಹುದು. ಕೆಡಬಾರದು ಅಂತ."

"ಮೇಡಂ ಬಾಟಲಿನ ಯಾರೋ ಮುಟ್ತಾರಾ?"

ಈ ಲ್ಯಾಬಿನ ಕಸ ಗುಡಿಸುವವರಿಗೂ ಗೊತ್ತಿದ್ದ ಮಾತು ಅದು. ನೀರು ಮೇಡಂ ಬಾಟಲಿಯನ್ನು ಅವರ ಅಪ್ಪಣೆಯಿಲ್ಲದೆ ಮುಟ್ಟಿದವರು ವಾರಗಟ್ಟಲೆ ಮುಖ ತಪ್ಪಿಸಿಕೊಂಡು ಓಡಾಡಬೇಕಾಗುತ್ತಿತ್ತು.

"ಸಂಜೆ ಏಳರವರೆಗೂ ಅವರು ಬರ್ತಾರೆ ಅಂತ ಇಡೀ ಆಫೀಸು ಕಾದಿತ್ತು," ಎಂದೆ. "ಬರ್ತಾರೆ ಅಂತ ಕಾಯೋನು ಆ ಬಾಟಲಿ ಮುಟ್ಟಲ್ಲ ಮೇಷ್ಟ್ರೇ. ಬರಲ್ಲ ಅಂತ ಗೊತ್ತಿದ್ದೋನೇ ಮುಟ್ಟಿದ್ದು. ಐದೂವರೆಗೆ ನಿಮಗೆ ಹೇಗೆ ಗೊತ್ತಾಯ್ತು, ಅವರು ಬರಲ್ಲ ಅಂತ?"

ಮೇಷ್ಟ್ರು ಕೊಳವೆಯನ್ನು ಅದರ ಗೂಡಿನಲ್ಲಿ ಇಟ್ಟರು. ಇಟ್ಟ ಮೇಲೂ ಕೈ ಅಲ್ಲೇ ಇತ್ತು. ಐವತ್ತಾರರ ಬಡಕಲು ಮನುಷ್ಯ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಅಂಗಿ. ಕೆಟ್ಟ ಯಂತ್ರವನ್ನೆಲ್ಲ ಇವರೇ ರಿಪೇರಿ ಮಾಡಿ, ಹೊಸಬರಿಗೆ ಇವರೇ ಕಲಿಸಿ, ಮೆಶೀನ್ ಮೇಷ್ಟ್ರು ಎಂದು ಹೆಸರಾಗಿ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಮೇಡಂ ಪಕ್ಕದ ಮೇಜಿನಲ್ಲಿದ್ದರು. ಬಾಗಿಲ ಹಿಂದಿನ ಗೂಟದಲ್ಲಿ ಮೇಡಂನ ಬಿಳಿ ಕೋಟು ಇನ್ನೂ ನೇತಾಡುತ್ತಿತ್ತು, ತೆಗೆಯುವ ಧೈರ್ಯ ಯಾರಿಗೂ ಆಗಿರಲಿಲ್ಲ.

"ನಾನು ಕೊಲೆ ಮಾಡಿದ್ದೀನಿ ಅಂತೀರಾ?"

"ನಾನೇನೂ ಅನ್ನಲ್ಲ. ನೀವು ಹೇಳಿ."

"ಫೋನ್ ಮಾಡಿದ್ರು," ಎಂದರು.

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅನುಮಾನವಾಯಿತು. "ಯಾರು?"

"ಮೇಡಂ. ಐದು ಇಪ್ಪತ್ತೈದಕ್ಕೆ. ಇಲ್ಲಿ ಈ ಫೋನಿಗೆ." ಕಿಟಕಿ ಪಕ್ಕದ ಹಳೇ ಫೋನಿನತ್ತ ಗದ್ದ ತೋರಿಸಿದರು. "'ನಾನು ಇವತ್ತು ಬರೋದು ತಡ ಆಗುತ್ತೆ, ಬರದೇನೂ ಇರಬಹುದು, ಮೂರನೇ ಬಾಟಲಿ ದೋಣಿಯಣ್ಣ ಮರೆತಿದ್ದಾನಂತೆ, ನೀವೇ ಕೊಂದುಬಿಡಿ, ಟೈಮು ಬರ್ಕೊಳ್ಳಿ' ಅಂದ್ರು. ಕೊಂದೆ. ಟೈಮು ಬರ್ಕೊಳ್ಳಲಿಲ್ಲ. ಸಿಟ್ಟು ಬಂದಿತ್ತು."

"ಯಾಕೆ ಸಿಟ್ಟು?"

ಅವರು ಗೂಟದ ಮೇಲಿನ ಬಿಳಿ ಕೋಟಿನತ್ತ ನೋಡಿದರು.

"ಆವತ್ತು ಅವರು ನಮ್ಮನೆಗೆ ಊಟಕ್ಕೆ ಬರ್ತೀನಿ ಅಂದಿದ್ರು. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ. ನಮ್ಮನೇಲಿ ಇದ್ದಿದ್ದೇ ಒಂದು ಕುರ್ಚಿ ಅಮ್ಮ. ಬೆಳಿಗ್ಗೆ ಇನ್ನೊಂದು ತಂದಿಟ್ಟಿದ್ದೆ." ಕೊಳವೆಯ ಗೂಡನ್ನು ಪಕ್ಕಕ್ಕೆ ಸರಿಸಿದರು. "ಬರಲ್ಲ ಅಂದ ತಕ್ಷಣ ನನಗೇನಾಯ್ತೋ, 'ನಿಮ್ಮಿಷ್ಟ, ನಾನಿಲ್ಲಿ ಸಂಬಳಕ್ಕೆ ಕೂತವನು, ಬಂದ್ರೆಷ್ಟು ಬಿಟ್ರೆಷ್ಟು' ಅಂದ್ಬಿಟ್ಟೆ. ಅವರು 'ಮೇಷ್ಟ್ರೇ' ಅಂತ ಏನೋ ಹೇಳೋಕೆ ಹೊರಟ್ರು. ನಾನು ಫೋನ್ ಇಟ್ಬಿಟ್ಟೆ."

ನಾನು ತಲೆ ತಗ್ಗಿಸಿದೆ. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನನಗೆ ಯಾವತ್ತೂ ತಿಳಿದಿಲ್ಲ. ನನ್ನ ಮನೆಯಲ್ಲಿ ಎರಡನೇ ಕುರ್ಚಿಯ ಮೇಲೆ ಹಳೇ ಪತ್ರಿಕೆಗಳ ರಾಶಿಯಿದೆ. ಅದನ್ನು ಯಾರಿಗಾಗಿಯೂ ತೆರವು ಮಾಡುವ ಸಂದರ್ಭ ಬಂದಿಲ್ಲ.

"ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಆ ಮಾತನ್ನ ಅವರು ಟೈಪ್ ಮಾಡ್ತಾರೆ. ಕೋರ್ಟಲ್ಲಿ ಗಟ್ಟಿಯಾಗಿ ಓದ್ತಾರೆ. ಮೇಡಂ ಜೊತೆ ನಾನಾಡಿದ ಕೊನೇ ಮಾತು ಊರಿಗೆಲ್ಲ..." ಮುಖ ಆಚೆ ತಿರುಗಿಸಿದರು. "ದೋಣಿಯಣ್ಣ ತಾನೇ ಹೇಳ್ತಾನೆ ಅಂತ ಕಾದೆ. ಫೋನ್ ಎತ್ತಿದ್ದೇ ಅವನು, ನಾನು ಕೈಗವಸು ಹಾಕ್ಕೊಂಡಿದ್ದೆ. ಅವನೂ ಬಾಯಿ ಬಿಡಲಿಲ್ಲ. ಅವನೇ ಸುಮ್ಮನಿದ್ದಾನಲ್ಲ ಅಂತ ನಾನೂ ಸುಮ್ಮನಾದೆ. ತಪ್ಪಾಯ್ತಮ್ಮ."

ದೋಣಿಯಣ್ಣನೂ ಬಾಯಿ ಬಿಡಲಿಲ್ಲವೆಂಬ ಆ ಮಾತನ್ನು ನಾನು ಅಲ್ಲೇ ಹಿಡಿದು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಐದು ಇಪ್ಪತ್ತೈದಕ್ಕೆ ಮೇಡಂ ಬದುಕಿದ್ದರು. ಸಾವು ಏಳರೊಳಗೆ ಎಂದು ಡಾಕ್ಟರು ಬರೆದಿದ್ದಾರೆ. ದೋಣಿಯಣ್ಣ ಗೇಟು ದಾಟಿ ಹೊರಗೆ ಹೋದದ್ದು ಏಳು ಹತ್ತಕ್ಕೆ. ಅವನು ಕೊಂದಿರಲು ಸಾಧ್ಯವೇ ಇಲ್ಲ!

"ಬರೆದುಕೊಡಿ," ಎಂದೆ. "ಎಲ್ಲಾನೂ. ಆ ಕೊನೇ ಮಾತು ಬೇಡ. ಅದು ನಿಮ್ಮ ಹತ್ರಾನೇ ಇರಲಿ. ಫೋನ್ ಬಂತು, ಎಷ್ಟೊತ್ತಿಗೆ ಬಂತು, ಯಾರು ಎತ್ತಿದ್ರು, ನೀವು ಬಾಟಲಿ ಕೊಂದಿದ್ದು ಎಷ್ಟೊತ್ತಿಗೆ. ಇಷ್ಟು ಸಾಕು."

ಮೇಷ್ಟ್ರ ಅಕ್ಷರ ಸಣ್ಣದು, ನೇರ, ಒಂದೂ ತಿದ್ದುಪಡಿಯಿಲ್ಲ. ಒಬ್ಬರೇ ಬದುಕುವವರ ಅಕ್ಷರ ಹೀಗೇ ಇರುತ್ತದೆ ಎಂದು ನಾನು ಇಲಾಖೆಯಲ್ಲಿ ಹೇಳಿದಾಗಲೆಲ್ಲ ಹುಡುಗರು ನಗುತ್ತಿದ್ದರು. ನನ್ನದೂ ಹಾಗೇ ಇದೆ. ಸಹಿ ಹಾಕಿಸಿಕೊಂಡು ಕಾಗದವನ್ನು ಚೀಲದಲ್ಲಿಟ್ಟು ಹೊರಟೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಧ್ಯಾಹ್ನದ ಬಿಸಿಲಿಗೆ ಅಳಿವೆಯ ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ಅದರೊಳಗೆ ಕೋಟಿಗಟ್ಟಲೆ ಕತ್ತರಿಗಳು ಸದ್ದಿಲ್ಲದೆ ಕೆಲಸ ಮಾಡುತ್ತಿವೆ ಎಂದು ಈಗ ನನಗೆ ಗೊತ್ತು. ಇದನ್ನು ಯಾರಿಗಾದರೂ ಹೇಳೋಣ ಎನಿಸಿತು. ಪಕ್ಕದಲ್ಲಿದ್ದವರು ನಿದ್ದೆ ಹೊಡೆಯುತ್ತಿದ್ದರು. ನಿಜ ಹೇಳಬೇಕೆಂದರೆ, ಹೇಳಬೇಕೆಂದು ನೆನಪಾದ ಮುಖ ಒಂದೇ. ದೋಣಿಯಣ್ಣನ ಹೆಂಡತಿಯದು.

ಎಂಟು ದಿನದ ಹಿಂದೆ ಅವಳು ನನ್ನ ಬಾಗಿಲು ತಟ್ಟಿ, "ಅಕ್ಕಾ, ನನ್ನ ಗಂಡ ಇರುವೆ ತುಳಿಯೋನಲ್ಲ, ಹೇಗಾದ್ರೂ ಬಿಡಿಸಿ," ಎಂದು ಹೊಸಿಲಲ್ಲೇ ಕುಸಿದಿದ್ದಳು. "ಆ ಮೇಡಮ್ಮನ್ನ ನಾನು ಕಂಡೇ ಇಲ್ಲ, ಪೇಪರಲ್ಲಿ ಬಂದ ಫೋಟೋ ನೋಡಿದ್ದೇ ಮೊದಲು," ಎಂದು ಅತ್ತಿದ್ದಳು. ಅಂದಿನಿಂದ ದಿನಾ ಮಧ್ಯಾಹ್ನ ಠಾಣೆಯ ಬೆಂಚಿನ ಮೇಲೆ ನಾವಿಬ್ಬರೂ ಒಟ್ಟಿಗೆ ಊಟ ಮಾಡುತ್ತಿದ್ದೆವು. ಗಂಡನಿಗೆ ತಂದ ಡಬ್ಬಿಯಲ್ಲಿ ನನಗೂ ಪಾಲು. "ಏನಕ್ಕಾ, ಗುಬ್ಬಿ ಹಾಗೆ ತಿಂತೀರಲ್ಲ, ಇನ್ನೊಂದು ತುತ್ತು," ಎಂದು ಬೈದು ಬಡಿಸುತ್ತಿದ್ದಳು. ನನಗೆ ಬೈದು ಬಡಿಸುವವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಈ ಕೇಸು ಮುಗಿದರೆ ಆ ಊಟವೂ ಮುಗಿಯುತ್ತದಲ್ಲ ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಅದಕ್ಕೆ ನನಗೇ ನಾಚಿಕೆಯಾಯಿತು.

ಠಾಣೆಯ ಮೆಟ್ಟಿಲ ಬಳಿಯೇ ಅವಳು ಎದುರಾದಳು. ನನ್ನ ಮುಖ ನೋಡಿದವಳೇ, "ಏನಕ್ಕಾ?" ಎಂದಳು.

"ಸಿಕ್ತು ಕಣೇ. ನಿನ್ನ ಗಂಡ ಬಚಾವು! ಒಂದು ಕಾಗದ ಸಿಕ್ಕಿದೆ. ಮೊದಲು ಅವನಿಗೆ ಹೇಳಿ ಬರ್ತೀನಿ."

ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅವಳ ಕಣ್ಣೀರು ನನ್ನ ಬೆರಳಿಗೆ ಬೆಚ್ಚಗೆ ತಾಗಿತು.

ದೋಣಿಯಣ್ಣ ಕಂಬಿಯ ಆಚೆ ಗೋಡೆಗೆ ಒರಗಿ ಕೂತಿದ್ದ. ಒಂಬತ್ತು ದಿನದಲ್ಲಿ ಗಡ್ಡ ಬೆಳೆದು, ಭುಜ ಇಳಿದುಹೋಗಿತ್ತು.

"ಏಳಯ್ಯ," ಎಂದೆ. "ಮೆಶೀನ್ ಮೇಷ್ಟ್ರು ಎಲ್ಲ ಬರೆದುಕೊಟ್ರು. ಐದು ಇಪ್ಪತ್ತೈದಕ್ಕೆ ಮೇಡಂ ಫೋನ್ ಮಾಡಿದ್ರಂತೆ. ಆಗ ನೀನು ಲ್ಯಾಬಲ್ಲೇ ಇದ್ದೆ. ನಾಳೆ ಹೊತ್ತಿಗೆ ಮನೇಲಿರ್ತೀಯ."

ಅವನ ಮುಖ ಅರಳಲಿಲ್ಲ. ಬಿಳಿಚಿಕೊಂಡಿತು.

"ಬೇಡ ಅಕ್ಕ," ಎಂದ.

"ಏನು ಬೇಡ?"

"ಆ ಕಾಗದ ಹರಿದು ಹಾಕಿ. ಮೇಷ್ಟ್ರಿಗೆ ಸುಮ್ಮನಿರೋಕೆ ಹೇಳಿ. ನಿಮ್ಮ ದಮ್ಮಯ್ಯ."

ನನಗೆ ರೇಗಿಹೋಯಿತು. "ತಲೆ ಕೆಟ್ಟಿದೆಯೇನೋ? ಎಂಟು ದಿನ ಕಾಲು ಸವೆಸಿದ್ದೀನಿ ನಿನಗೋಸ್ಕರ! ಫೋನ್ ಎತ್ತಿದ್ದು ನೀನೇ. ಅವರು ಬದುಕಿದ್ರು ಅಂತ ನಿನಗೆ ಮೊದಲ ದಿನದಿಂದ ಗೊತ್ತಿತ್ತು. ಒಂದು ಮಾತು ಹೇಳಿದ್ರೆ ಬಿಟ್ಟುಬಿಡ್ತಿದ್ರು. ಯಾಕೋ ಹೇಳ್ಲಿಲ್ಲ?"

ಅವನು ಎದ್ದು ಕಂಬಿಯ ಹತ್ತಿರ ಬಂದ. ಹೊರಗಿನ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಹೇಳಿದ್ರೆ, ಫೋನ್ ಎಲ್ಲಿಂದ ಬಂತು ಅಂತ ಕೇಳ್ತಾರಲ್ಲ ಅಕ್ಕ."

"ಎಲ್ಲಿಂದ ಬಂತು?"

"ಮೇಡಂ ಫೋನು ದೋಣಿಯಲ್ಲೇ ಬಿಟ್ಟಿದ್ರು. ನಾನು ಎತ್ತಿದ ತಕ್ಷಣ ಅವರು ಅಂದ್ರು, 'ನಿಮ್ಮನೇಲಿದ್ದೀನಿ. ನಿನ್ನ ಹೆಂಡ್ತಿ ಫೋನಿಂದ ಮಾಡ್ತಿದ್ದೀನಿ. ನಮ್ಮ ಮಾತು ಇನ್ನೂ ಮುಗಿದಿಲ್ಲ. ಮೂರನೇ ಬಾಟಲಿ ಕೊಂದ್ಯಾ?' ಅಂತ. ಮರೆತೆ ಅಂದೆ. 'ಹಾಗಾದ್ರೆ ಮೇಷ್ಟ್ರಿಗೆ ಕೊಡು' ಅಂದ್ರು. ಅಷ್ಟೇ."

ನಾನು ಕಂಬಿ ಹಿಡಿದುಕೊಂಡೆ. "ಅವಳು ಮೇಡಂನ ಕಂಡೇ ಇಲ್ಲ ಅಂದ್ಲಲ್ಲೋ."

"ಅವಳೇ ಹೇಳಿ ಕಳಿಸಿದ್ದು, ಮೇಡಂನ ಒಂದ್ಸಲ ಮನೆಗೆ ಕಳಿಸು, ಮಾತಾಡೋದಿದೆ ಅಂತ. ಅದಕ್ಕೇ ನಮ್ಮನೆ ಇರೋ ಆಚೆ ದಡದಲ್ಲಿ ಇಳಿಸಿದ್ದು. ಏನು ಮಾತು ಅಂತ ನನಗೆ ಹೇಳಿಲ್ಲ." ಅವನು ಕಂಬಿಗೆ ಹಣೆ ಒತ್ತಿದ. "ದಿನಾ ಇಲ್ಲಿ ಬಂದು ನಿಲ್ತಾಳೆ. ಉಂಡ್ಯಾ ಅಂತಾಳೆ. ಅವಳೂ ಹೇಳಲ್ಲ, ನಾನೂ ಕೇಳಲ್ಲ. ಮನೇಲಿ ಎರಡು ಹೆಣ್ಣುಮಕ್ಕಳಿವೆ ಅಕ್ಕ. ಅಪ್ಪ ಇಲ್ದಿದ್ರೂ ಬೆಳೀತಾವೆ. ಅಮ್ಮ ಇಲ್ದಿದ್ರೆ ಆಗಲ್ಲ."

ಚೀಲವನ್ನು ಎದೆಗೆ ಒತ್ತಿ ಹಿಡಿದು ಹಿಂದೆ ಸರಿದೆ. ಕಾಗದ ಕೊಟ್ಟರೆ ಅರ್ಧ ಗಂಟೆಯೊಳಗೆ ಪೊಲೀಸರು ಆ ಫೋನಿನ ಜಾಡು ಹಿಡಿದು ಅವನ ಮನೆ ಬಾಗಿಲಲ್ಲಿರುತ್ತಾರೆ. ಕೊಡದಿದ್ದರೆ ನಾಳೆ ಹನ್ನೊಂದಕ್ಕೆ, ಮಾಡದ ಕೊಲೆಗೆ, ಇವನು ಕಟಕಟೆಯಲ್ಲಿ. ಸತ್ಯ ಹುಡುಕುವುದು ಒಂದೇ ನನಗೆ ಬರುವ ಕೆಲಸ. ಅದನ್ನು ಬಚ್ಚಿಡುವುದು ನನಗೆ ಯಾರೂ ಕಲಿಸಿಲ್ಲ.

ಹೊರಗಿನ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಕುರ್ಚಿಯಿಂದ ಎದ್ದು ನಿಂತಿದ್ದ.

"ಏನಕ್ಕ, ದೊಡ್ಡ ಸಾಕ್ಷಿ ಹಿಡಿದು ತಂದಿದ್ದೀರಂತೆ? ಇವರು ಅಳ್ತಾ ನಗ್ತಾ ಓಡಿಬಂದು ಹೇಳಿದ್ರು." ಕೈ ಚಾಚಿದ. "ತನ್ನಿ ನೋಡೋಣ."

ಅವನ ಪಕ್ಕದಲ್ಲಿ ಅವಳು ನಿಂತಿದ್ದಳು. ಕಣ್ಣು ಒರೆಸಿಕೊಂಡಿದ್ದಳು, ಮುಖ ತೊಳೆದಿದ್ದಳು. ಎಂಟು ದಿನದಲ್ಲಿ ಮೊದಲ ಸಲ ಅವಳು ನಗುವುದನ್ನು ಕಂಡೆ.

"ಕೊಡಿ ಅಕ್ಕಾ," ಎಂದಳು. "ಅದರಲ್ಲಿ ಏನೇನಿದೆಯೋ ಎಲ್ಲಾನೂ ಓದ್ಲಿ."